ಡಿಸ್ಚಾರ್ಜ್ ಆದ ಮೇಲೆ ಶುರುವಾಗುವ ಖರ್ಚು

ಆಸ್ಪತ್ರೆಯ ಬಿಲ್ಲಿಗೆ ಹೆಚ್ಚಿನ ಮನೆಗಳು ಹೇಗೋ ತಯಾರಿರುತ್ತವೆ. ವಿಮೆ ಇರುತ್ತದೆ, ಇಲ್ಲವೇ ಒಂದು ಎಫ್‌ಡಿ ಮುರಿಯುತ್ತಾರೆ, ಒಡಹುಟ್ಟಿದವರು ಸೇರಿ ಹೊಂದಿಸುತ್ತಾರೆ. ಲೆಕ್ಕ ತಪ್ಪುವುದು ಡಿಸ್ಚಾರ್ಜ್ ಆದ ಮೇಲೆ.

ಅಪ್ಪನಿಗೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು, ಮಾತು ಮೂರೂ ಬಿದ್ದುಹೋದಾಗ ಬೆಂಗಳೂರಿನ ಆಸ್ಪತ್ರೆಯ ಬಿಲ್ಲು ಕ್ಯಾಶ್‌ಲೆಸ್‌ನಲ್ಲೇ ತೀರಿತು. ಆದರೆ ಮೂಗಿನಲ್ಲಿ ಊಟದ ಟ್ಯೂಬು, ಮೂತ್ರಕ್ಕೆ ಕ್ಯಾತಿಟರ್, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುವ ಭಯ. ಇದು ಮನೆಯವರ ಕೈಲಾಗುವ ಕೆಲಸವಲ್ಲ. ಡಾಕ್ಟರು ರಿಹ್ಯಾಬ್ ಸೆಂಟರಿಗೆ ಸೇರಿಸಿ ಎಂದರು. ಅಲ್ಲಿ ಹೇಳಿದ ದರ ದಿನಕ್ಕೆ 6,500 ರೂಪಾಯಿ. ತಿಂಗಳಿಗೆ ಎರಡು ಲಕ್ಷಕ್ಕೆ ಐದೇ ಸಾವಿರ ಕಮ್ಮಿ.

ವಿಮೆ ಇಲ್ಲಿಗೆ ಬರುವುದಿಲ್ಲ. ಆರೋಗ್ಯ ಪಾಲಿಸಿಗಳು ಯಾವುದಕ್ಕೆ ದುಡ್ಡು ಕೊಡುವುದಿಲ್ಲ ಎಂಬ ಪಟ್ಟಿಗೆ ವಿಮಾ ನಿಯಂತ್ರಕ ಐಆರ್‌ಡಿಎಐ 2019ರಲ್ಲಿ ಏಕರೂಪ ಕೊಟ್ಟಿತು. ಅದರ 05ನೇ ಕೋಡ್ ಓದಿ: ಸ್ನಾನ ಮಾಡಿಸುವುದು, ಬಟ್ಟೆ ತೊಡಿಸುವುದು, ಓಡಾಡಿಸುವುದು ಮುಂತಾದ ಆರೈಕೆ ಮನೆಯಲ್ಲಾಗಲಿ, ನರ್ಸಿಂಗ್ ಕೇಂದ್ರದಲ್ಲಾಗಲಿ, ತರಬೇತಾದ ನರ್ಸೇ ಮಾಡಲಿ, ಖರ್ಚು ನಮ್ಮದೇ. ಚಿಕಿತ್ಸೆಗಲ್ಲದೆ ಮುಖ್ಯವಾಗಿ ವಿಶ್ರಾಂತಿಗೆಂದು ದಾಖಲಾದರೂ ಅಷ್ಟೇ.

ಹಾಗೆಂದು ಕೈಚೆಲ್ಲಬೇಕಿಲ್ಲ. ಡಿಸ್ಚಾರ್ಜ್ ನಂತರದ ಚಿಕಿತ್ಸಾ ವೆಚ್ಚಕ್ಕೆ ಪಾಲಿಸಿಗಳಲ್ಲಿ ಒಂದು ಅವಧಿ ಇರುತ್ತದೆ. ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲಿ ಅದು 60 ದಿನ. ಅದೇ ಕಾಯಿಲೆಗೆ ಡಾಕ್ಟರು ಬರೆದುಕೊಟ್ಟ ಔಷಧಿ, ಪರೀಕ್ಷೆ, ಫಿಸಿಯೋಥೆರಪಿಯ ಹಣವನ್ನು ಸಾಮಾನ್ಯವಾಗಿ ಈ ಬಾಬ್ತಿನಲ್ಲಿ ವಾಪಸ್ ಪಡೆಯಬಹುದು. ತೊಡಕು ಬರುವುದು ಬಿಲ್ಲಿನಲ್ಲಿ. ‘ರಿಹ್ಯಾಬ್ ಪ್ಯಾಕೇಜ್’ ಎಂದು ಒಂದೇ ಸಾಲು ಬರೆದರೆ ಇಡೀ ಮೊತ್ತವೇ ತಿರಸ್ಕಾರವಾಗಬಹುದು.

ಬಿಲ್ಲನ್ನು ಬಿಡಿಸಿ ಕೊಡಲಾಗುತ್ತದೆಯೇ ಎಂದು ಸೆಂಟರಿನ ಬಿಲ್ಲಿಂಗ್ ಕೌಂಟರಿನ ಹುಡುಗಿಯನ್ನು ಕೇಳಿದೆ.

“ನಮ್ಮಲ್ಲಿ ಪ್ಯಾಕೇಜ್ ಬಿಲ್ಲೇ ಕೊಡೋದು ಮೇಡಂ.”

“ದುಡ್ಡು ಅಷ್ಟೇ ತಗೊಳ್ಳಮ್ಮ. ಬೆಡ್ಡಿಗೆಷ್ಟು, ನರ್ಸಿಂಗಿಗೆಷ್ಟು, ಫಿಸಿಯೋಗೆಷ್ಟು ಅಂತ ಬಿಡಿಬಿಡಿಯಾಗಿ ಬರೆದುಕೊಡು.”

ಮ್ಯಾನೇಜರರನ್ನು ಕೇಳಿ ಬಂದು ಬರೆದುಕೊಟ್ಟಳು. ಫಿಸಿಯೋ ಮತ್ತು ಔಷಧಿಯ ಹಣ ವಾಪಸ್ ಬಂತು, ಬೆಡ್ಡು ಮತ್ತು ಆಯಾಳ ಖರ್ಚು ನಮ್ಮ ಮೇಲೇ ಉಳಿಯಿತು.

ಬಿಲ್ಲು ಬಿಡಿಸಿದ್ದರಿಂದ ಇನ್ನೊಂದು ಲಾಭವಾಯಿತು. ನಾವು ಯಾವುದಕ್ಕೆ ದುಡ್ಡು ಕೊಡುತ್ತಿದ್ದೇವೆ ಎಂಬುದು ಕಣ್ಣಿಗೆ ಬಿತ್ತು. ಸ್ಟ್ರೋಕ್ ಆದವರು ಬೇಗ ಚೇತರಿಸಿಕೊಳ್ಳುವುದು ಮೊದಲ ಮೂರು ತಿಂಗಳಲ್ಲಿ. ಖರ್ಚು ಮಾಡುವುದಿದ್ದರೆ ಆಗಲೇ, ಅದೂ ಥೆರಪಿಗೆ. ಸೆಂಟರ್ ನೋಡಲು ಹೋದಾಗ ಎ.ಸಿ., ಟಿ.ವಿ. ನೋಡಬೇಡಿ. ದಿನಕ್ಕೆ ಫಿಸಿಯೋ ಎಷ್ಟು ಹೊತ್ತು, ಭಾನುವಾರವೂ ಇದೆಯೇ, ಸ್ಪೀಚ್ ಥೆರಪಿಸ್ಟ್ ವಾರಕ್ಕೆ ಎಷ್ಟು ಸಲ ಬರುತ್ತಾರೆ, ರಾತ್ರಿ ಪಾಳಿಯಲ್ಲಿ ಎಷ್ಟು ರೋಗಿಗಳಿಗೆ ಒಬ್ಬ ನರ್ಸ್ ಎಂದು ಕೇಳಿ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕೆಪಿಎಂಇ ಕಾಯ್ದೆಯಡಿ ನೋಂದಣಿಯಾಗಿದೆಯೇ ನೋಡಿ. ಕಾಯ್ದೆಯ ಪ್ರಕಾರ ದರಪಟ್ಟಿಯನ್ನು ಕಾಣುವ ಹಾಗೆ ಹಾಕಿರಬೇಕು. ಡಯಾಪರ್, ಅಂಡರ್‌ಪ್ಯಾಡ್ ಹೊರಗಿನಿಂದ ತರಬಹುದೇ ಎಂಬುದನ್ನು ಸೇರುವ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಅಲ್ಲಿ ಎಂಆರ್‌ಪಿಗೆ ಹಾಕುತ್ತಾರೆ, ಮೆಡಿಕಲ್ ಶಾಪಿನಲ್ಲಿ ಅದೇ ಪ್ಯಾಕು ಸಾಕಷ್ಟು ಕಡಿಮೆಗೆ ಸಿಗುತ್ತದೆ. ನಿಮ್ಹಾನ್ಸ್‌ನಲ್ಲೂ ನರರೋಗಿಗಳ ಪುನಶ್ಚೇತನ ವಿಭಾಗವಿದೆ, ಅಲ್ಲಿಯೂ ವಿಚಾರಿಸಿ.

ಮನೆಗೆ ಕರೆತರುವುದು ಯಾವಾಗ? ನಮ್ಮ ಲೆಕ್ಕ ಸರಳವಾಗಿತ್ತು. ಟ್ಯೂಬು, ಕ್ಯಾತಿಟರ್ ಹೋಗಿ, ಅಪ್ಪ ಬಾಯಿಯಿಂದ ಗಂಜಿ ನುಂಗತೊಡಗಿದ ಮೇಲೆ ಇಪ್ಪತ್ತನಾಲ್ಕು ಗಂಟೆಯ ನರ್ಸ್ ಬೇಕಿರಲಿಲ್ಲ, ಬೇಕಿದ್ದದ್ದು ಫಿಸಿಯೋ ಮಾತ್ರ. ಅವರನ್ನು ಮನೆಗೇ ಕರೆಸಿದೆವು. ಮಡಚುವ ಹಾಸಿಗೆ, ಗಾಲಿಕುರ್ಚಿ ಬಾಡಿಗೆಗೆ ತಂದೆವು. ಸೆಂಟರ್ ಬಿಡುವ ಮುನ್ನ ಹಾಸಿಗೆಯಿಂದ ಗಾಲಿಕುರ್ಚಿಗೆ ಎತ್ತಿ ಕೂರಿಸುವುದನ್ನು ನನ್ನ ತಮ್ಮ ಅಲ್ಲಿನ ಥೆರಪಿಸ್ಟ್ ಹತ್ತಿರ ಕಲಿತ: ರೋಗಿಯ ಮೊಣಕಾಲಿಗೆ ನಮ್ಮ ಮೊಣಕಾಲು ಆನಿಸಬೇಕು, ಸೊಂಟ ಹಿಡಿಯಬೇಕು, ಬಿದ್ದ ಕೈಯನ್ನು ಮಾತ್ರ ಎಳೆಯಬಾರದು. ಕೇಳಿದರೆ ಸಾಕು, ಹೇಳಿಕೊಡುತ್ತಾರೆ.

ತೆರಿಗೆಯ ಮಾತೂ ಒಂದಿದೆ. ತಂದೆತಾಯಿಗೆ ಅರವತ್ತು ದಾಟಿ, ಆರೋಗ್ಯ ವಿಮೆಯೇ ಇಲ್ಲದಿದ್ದರೆ ಅವರ ವೈದ್ಯಕೀಯ ವೆಚ್ಚಕ್ಕೆ ಹಳೆಯ ತೆರಿಗೆ ಪದ್ಧತಿಯಲ್ಲಿ 50,000 ರೂಪಾಯಿವರೆಗೆ ಕಡಿತ ಸಿಗುತ್ತದೆ. ನಗದು ಕೊಟ್ಟಿದ್ದರೆ ಇಲ್ಲ.

ಇಷ್ಟೆಲ್ಲ ಲೆಕ್ಕಕ್ಕೂ ಮೊದಲು ಹಣ ಕೈಗೆ ಸಿಗಬೇಕು. ಸೆಂಟರಿನಲ್ಲಿ ಅಪ್ಪನ ಪಕ್ಕದ ಹಾಸಿಗೆಯಲ್ಲಿದ್ದ ನಿವೃತ್ತ ಮೇಷ್ಟ್ರ ಉಳಿತಾಯವೆಲ್ಲ ಅವರೊಬ್ಬರ ಹೆಸರಿನಲ್ಲೇ ಇತ್ತು. ಸಹಿ ಮಾಡುವ ಕೈ ಏಳುತ್ತಿರಲಿಲ್ಲ, ಫೋನಿನ ಪಾಸ್‌ವರ್ಡ್ ಹೇಳಲು ಮಾತಿಲ್ಲ. ಕೊನೆಗೆ ಬ್ಯಾಂಕಿನವರೊಬ್ಬರು ಇಂಕ್ ಪ್ಯಾಡ್ ಹಿಡಿದು ಬಂದು, ಸಾಕ್ಷಿಗಳ ಎದುರು ಹೆಬ್ಬೆಟ್ಟು ಒತ್ತಿಸಿಕೊಂಡರು. ಆರ್‌ಬಿಐ ನಿಯಮದಲ್ಲಿ ಇದಕ್ಕೆ ಅವಕಾಶವಿದೆ, ಕೈಬೆರಳಾಗದಿದ್ದರೆ ಕಾಲಿನ ಹೆಬ್ಬೆರಳೂ ನಡೆಯುತ್ತದೆ. ಆದರೆ ಅಷ್ಟರಲ್ಲಿ ಮಗ ಸಾಲ ಮಾಡಿ ಎರಡು ಬಿಲ್ಲು ಕಟ್ಟಿದ್ದ.

ನಾಮಿನಿ ಇದ್ದಾರಲ್ಲ ಎಂದು ಸುಮ್ಮನಿರಬೇಡಿ, ನಾಮಿನಿಗೆ ಹಣ ಸಿಗುವುದು ಖಾತೆದಾರರು ತೀರಿಕೊಂಡ ಮೇಲೆ. ಜಂಟಿ ಎಫ್‌ಡಿಯನ್ನು ಅವಧಿಗೆ ಮೊದಲೇ ಮುರಿಯಲು ಸಾಮಾನ್ಯವಾಗಿ ಇಬ್ಬರ ಸಹಿಯನ್ನೂ ಕೇಳುತ್ತಾರೆ. ಹಾಗಾಗಿ ಮೂರು ತಿಂಗಳ ರಿಹ್ಯಾಬ್ ಖರ್ಚಿನಷ್ಟು ಹಣ, ಅಷ್ಟಾಗದಿದ್ದರೆ ಒಂದು ತಿಂಗಳಿನದಾದರೂ, ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದಾದ ‘ಐದರ್ ಆರ್ ಸರ್ವೈವರ್’ ಉಳಿತಾಯ ಖಾತೆಯಲ್ಲಿರಲಿ. ಬಡ್ಡಿ ಕಮ್ಮಿ ಬಂದರೂ ಪರವಾಗಿಲ್ಲ.