ತೆಂಗಿನ ಬುಡದ ಶಿಲಾರಂಜಕ: ಝಾಮರ್‌ಕೋಟ್ರಾದ ಕಲ್ಲು, ಚಿಕ್ಕನಾಯಕನಹಳ್ಳಿಯ ಕಲ್ಲು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಗೊಬ್ಬರದ ಮಳಿಗೆಗಳಲ್ಲಿ ಮಾರಾಟವಾಗುವ ರಂಜಕಯುಕ್ತ ರಾಸಾಯನಿಕ ಗೊಬ್ಬರಗಳಿಗೆಲ್ಲ ಮೂಲ ಒಂದು ಬಗೆಯ ಕಲ್ಲು. ಫಲ ಕೊಡುವ ತೆಂಗಿನ ಮರವೊಂದಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ ಹಾಗೂ 1200 ಗ್ರಾಂ ಪೊಟ್ಯಾಷ್ ಒದಗಿಸಬೇಕೆಂಬುದು ಪ್ರಚಲಿತ ಶಿಫಾರಸು. ಪೆಂಟಾಕ್ಸೈಡ್ ರೂಪದಲ್ಲಿ ಎಣಿಸುವ ಈ 320 ಗ್ರಾಂ ರಂಜಕಕ್ಕೆ ಶೇ. 16ರ ಸೂಪರ್ ಫಾಸ್ಫೇಟ್ 2 ಕಿಲೋ ಬೇಕು, ಶೇ. 18ರ ಶಿಲಾರಂಜಕವಾದರೆ ಸುಮಾರು 1.8 ಕಿಲೋ ಸಾಕು. ಲೆಕ್ಕದ ಪುಸ್ತಕದಲ್ಲಿ ಎರಡೂ ಸಮ, ಮಣ್ಣಿನಲ್ಲಿ ಸಮವಲ್ಲ. ಕಾರಣವು ಕಲ್ಲಿನ ಹುಟ್ಟಿನಲ್ಲಿಯೇ ಇದೆ.

ದೇಶದ ಶಿಲಾರಂಜಕದ ಹಿರಿಯ ನಿಕ್ಷೇಪವಾದ ಝಾಮರ್‌ಕೋಟ್ರಾ ಇರುವುದು ರಾಜಸ್ಥಾನದ ಉದಯಪುರದ ಆಗ್ನೇಯಕ್ಕೆ, ಅರಾವಳಿಯ ಬೆಟ್ಟಗಳ ನಡುವೆ. ಅದು ಬೆಳಕಿಗೆ ಬಂದದ್ದು 1968ರಲ್ಲಿ. ಬಹು ಪುರಾತನ ಕಾಲದಲ್ಲಿ ಅಲ್ಲಿ ಆಳವಿಲ್ಲದ ಸಮುದ್ರವಿತ್ತು. ಅದರ ತಳದಲ್ಲಿ ಸೂಕ್ಷ್ಮಜೀವಿಗಳ ಅಂಟುಪೊರೆಗಳು ಪದರದ ಮೇಲೆ ಪದರವಾಗಿ ಬೆಳೆದು, ಕಂಬಗಳಂತೆ ನಿಂತು, ಕಾಲಕ್ರಮದಲ್ಲಿ ಶಿಲೆಯಾದವು. ಸ್ಟ್ರೊಮಾಟೊಲೈಟ್ ಎಂಬ ಹೆಸರು ಇವುಗಳಿಗೇ. ಜೀವಿಗಳ ದೇಹದಲ್ಲಿದ್ದ ರಂಜಕವು ಅವು ಕೊಳೆತಾಗ ಕೆಸರಿನ ನೀರಿಗೆ ಬಿಡುಗಡೆಯಾಗಿ, ಸುಣ್ಣದೊಡನೆ ಸೇರಿ ಅಪಟೈಟ್ ಖನಿಜವಾಗಿ ಘನೀಭವಿಸಿತು. ಆದುದರಿಂದಲೇ ಅಲ್ಲಿ ಕಂಬಗಳಲ್ಲಿ ರಂಜಕ ತುಂಬಿದ್ದು, ಕಂಬಗಳ ನಡುವಣ ಸಂದುಗಳಲ್ಲಿ ಡೋಲಮೈಟ್ ಇದೆ. ಹಳೆಯ ವರ್ತಕರು ಬಲ್ಲ ಮಸ್ಸೂರಿ ಶಿಲಾರಂಜಕದ ಕಥೆ ಬೇರೆ. ಅದು ಹಿಮಾಲಯದ ತಪ್ಪಲಿನ ಬಹಳ ಕಿರಿಯ, ಕೇಂಬ್ರಿಯನ್ ಯುಗದ ಶಿಲೆ.

ಇಂತಹ ಸ್ಟ್ರೊಮಾಟೊಲೈಟ್‌ಗಳು ತೆಂಗಿನ ಸೀಮೆಗೂ ಅಪರಿಚಿತವಲ್ಲ ಎಂಬುದು ಕುತೂಹಲಕರ. ಚಿತ್ರದುರ್ಗ ಶಿಲಾಪಟ್ಟಿಯ ದಕ್ಷಿಣ ಭಾಗವಾದ ಚಿಕ್ಕನಾಯಕನಹಳ್ಳಿ ಪಟ್ಟಿಯಲ್ಲಿ, ದೊಡ್ಡಗುಣಿಯ ಸುಣ್ಣಕಲ್ಲಿನಲ್ಲಿ ಅವು ದೊರೆತಿವೆ. ವಯಸ್ಸು ಸುಮಾರು 260 ಕೋಟಿ ವರ್ಷ, ಅರಾವಳಿಯವುಗಳಿಗಿಂತಲೂ ಹಿರಿಯವು. ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಲ್ಲಿ ಸಿಮೆಂಟ್ ಕಾರ್ಖಾನೆ ನೆಲೆಯೂರಿದ್ದು ಈ ಪಟ್ಟಿಯ ಸುಣ್ಣಕಲ್ಲಿನ ಆಸರೆಯಿಂದ. ಆದರೆ ಗೊಬ್ಬರಕ್ಕೆ ಒದಗುವಷ್ಟು ರಂಜಕ ಇಲ್ಲಿಲ್ಲ. ಆ ಯುಗದ ವಾತಾವರಣದಲ್ಲಿ ಆಮ್ಲಜನಕ ಅತ್ಯಲ್ಪವಾಗಿದ್ದು, ನೆಲದ ಬಂಡೆಗಳಿಂದ ರಂಜಕ ಕರಗಿ ಕಡಲಿಗೆ ಸೇರುವುದೂ ಕಡಿಮೆಯಿತ್ತೆಂದು ಅನೇಕ ಭೂವಿಜ್ಞಾನಿಗಳ ಅಭಿಪ್ರಾಯ. ಸೇರಿದ ಸ್ವಲ್ಪವನ್ನೂ ಕಡಲಿನ ಕಬ್ಬಿಣದ ತುಕ್ಕು ಹೀರಿ ತಳಕ್ಕೆ ಒಯ್ಯುತ್ತಿತ್ತೆಂಬ ವಾದವೂ ಇದೆ. ಅಂಥ ಕಡಲುಗಳು ಈ ಸೀಮೆಗೆ ಬಿಟ್ಟುಹೋದದ್ದು ಕಬ್ಬಿಣ ಮತ್ತು ಮ್ಯಾಂಗನೀಸ್. ತುಮಕೂರು ಜಿಲ್ಲೆಯ ಆ ಗಣಿಗಾರಿಕೆಯನ್ನು ಸರ್ವೋಚ್ಚ ನ್ಯಾಯಾಲಯ 2011ರ ಆಗಸ್ಟ್‌ನಲ್ಲಿ ಸ್ಥಗಿತಗೊಳಿಸಿದ್ದು ವ್ಯಾಪಾರಿಗಳ ನೆನಪಿನಲ್ಲಿದೆ.

ಕಬ್ಬಿಣದ ಈ ಗುಣ ಇಂದಿನ ಕೆಂಪು ಮಣ್ಣಿನಲ್ಲಿಯೂ ಕೆಲಸಮಾಡುತ್ತದೆ. ನೀರಿನಲ್ಲಿ ಕರಗುವ ಸೂಪರ್ ಫಾಸ್ಫೇಟನ್ನು ಹಾಕಿದರೆ, ಅದರ ಒಂದು ಪಾಲನ್ನು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂಗಳು ಹಿಡಿದಿಡುತ್ತವೆ. ಕೊಟ್ಟಿಗೆ ಗೊಬ್ಬರದೊಡನೆ ಬೆರೆಸಿ ಕೊಡುವ ರೂಢಿಗೆ ಇದೇ ಸಮರ್ಥನೆ. ಅಪಟೈಟ್ ನೀರಿನಲ್ಲಿ ಕರಗದು. ಅದಕ್ಕೆ ಆಮ್ಲ ಬೇಕು. ಮಲೆನಾಡಿನ ಕಾಫಿ ತೋಟದ ಅಥವಾ ಕರಾವಳಿಯ ಹುಳಿ ಮಣ್ಣಿನಲ್ಲಿ, ರಸಸಾರ 5.5ಕ್ಕಿಂತ ಕಡಿಮೆಯಿರುವಲ್ಲಿ, ಶಿಲಾರಂಜಕ ನಿಧಾನವಾಗಿ ಕರಗಿ ಬೇರಿಗೆ ದಕ್ಕುತ್ತದೆ. ತಟಸ್ಥ ಮಣ್ಣಿನಲ್ಲಿ, ಅದರಲ್ಲೂ ಸುಣ್ಣದ ಹರಳುಗಳಿರುವ ನೆಲದಲ್ಲಿ, ಹಾಕಿದ ಕಲ್ಲು ಬಹುಪಾಲು ಕಲ್ಲಾಗಿಯೇ ಉಳಿಯುತ್ತದೆ. ತೆಂಗು ದೀರ್ಘಾಯುಷಿ, ನಿಧಾನವಾಗಿ ಕರಗಿದರೂ ನಷ್ಟವಿಲ್ಲ ಎಂಬ ಮಾರಾಟಗಾರರ ಮಾತು ಹುಳಿ ಮಣ್ಣಿಗೆ ಮಾತ್ರ ಅನ್ವಯಿಸುತ್ತದೆ. ಒಂದೇ ಹೋಬಳಿಯೊಳಗೆ ಮಣ್ಣಿನ ಗುಣ ಬದಲಾಗುವ ಈ ಭಾಗದಲ್ಲಿ ರಸಸಾರದ ಪರೀಕ್ಷೆಯಿಲ್ಲದೆ ಗ್ರಾಹಕನಿಗೆ ಶಿಲಾರಂಜಕವನ್ನು ಸೂಚಿಸುವುದು ತರವಲ್ಲ.

ಸೂಪರ್ ಫಾಸ್ಫೇಟ್ ತಯಾರಕರಿಗೆ ಕಲ್ಲಿನ ಹುಟ್ಟು ಇನ್ನೊಂದು ರೀತಿಯಲ್ಲಿ ಮುಖ್ಯ. ಶಿಲಾರಂಜಕದ ಪುಡಿಗೆ ಗಂಧಕಾಮ್ಲ ಬೆರೆಸಿದಾಗ ಕರಗುವ ಫಾಸ್ಫೇಟ್ ಮತ್ತು ಜಿಪ್ಸಂ ಉಂಟಾಗುತ್ತವೆ. ಕಲ್ಲಿನಲ್ಲಿ ಡೋಲಮೈಟ್ ಉಳಿದಿದ್ದರೆ ಆಮ್ಲದ ಒಂದು ಪಾಲನ್ನು ಅದೇ ತಿಂದುಹಾಕುತ್ತದೆ. ಕಂಬಗಳ ಸಂದಿನ ಡೋಲಮೈಟನ್ನು ಬೇರ್ಪಡಿಸಲು ಝಾಮರ್‌ಕೋಟ್ರಾದಲ್ಲಿ ಕೆಳದರ್ಜೆಯ ಅದಿರಿನ ಸಂವರ್ಧನ ಘಟಕ ನಡೆಯುವುದು ಇದಕ್ಕಾಗಿಯೇ. ದೇಶದ ಬೇಡಿಕೆಯ ಹೆಚ್ಚಿನ ಪಾಲು ಮೊರಾಕೊ, ಜೋರ್ಡಾನ್, ಈಜಿಪ್ಟ್ ಮುಂತಾದೆಡೆಗಳಿಂದ ಬರುವುದರಿಂದ, 2008ರಲ್ಲಿ ವಿಶ್ವ ಮಾರುಕಟ್ಟೆಯಲ್ಲಿ ಬೆಲೆ ಹಲವು ಪಟ್ಟು ಏರಿದಾಗ ಅದರ ಬಿಸಿ ಇಲ್ಲಿಗೂ ತಟ್ಟಿತು.

ನೇರವಾಗಿ ಮಣ್ಣಿಗೆ ಹಾಕುವ ಶಿಲಾರಂಜಕಕ್ಕೆ ರಸಗೊಬ್ಬರ ನಿಯಂತ್ರಣ ಆದೇಶವು ಒಟ್ಟು ರಂಜಕ ಕನಿಷ್ಠ ಶೇ. 18 ಎಂದೂ, ಪುಡಿಯ ಶೇ. 90 ಭಾಗ 0.15 ಮಿಲಿಮೀಟರ್ ಜರಡಿಯಿಂದ ಇಳಿಯಬೇಕೆಂದೂ ಗೊತ್ತುಪಡಿಸಿದೆ. ಸರಕು ಇಳಿಸಿಕೊಳ್ಳುವಾಗ ಪುಡಿಯ ಬಣ್ಣ ನೋಡುವುದಕ್ಕಿಂತ ಈ ಎರಡನೆಯ ಅಂಶವನ್ನು ನೋಡುವುದು ಲೇಸು. ಒರಟಾಗಿ ಅರೆದ ಪುಡಿ ಹುಳಿ ಮಣ್ಣಿನಲ್ಲಿಯೂ ಬೇಗ ಕರಗದು.