ದುಡ್ಡು ಮೈಕಿಗೆ ಹೋಗಲಿ

ಮನೆಯಲ್ಲೇ ಹಾಡು ರೆಕಾರ್ಡ್ ಮಾಡಲು ಹೊರಟವರು ಮೊದಲು ಕೇಳುವುದು ಯಾವ ಕಂಪ್ಯೂಟರ್ ಕೊಳ್ಳಲಿ ಎಂದೇ. ಕೈಯಲ್ಲಿ 60 ಸಾವಿರ ಇದ್ದರೆ 50 ಸಾವಿರ ಅದಕ್ಕೇ ಹೋಗುತ್ತದೆ. ಮೈಕು, ಹೆಡ್‌ಫೋನು, ಸ್ಟ್ಯಾಂಡು, ವೈರು ಎಲ್ಲವೂ ಉಳಿದ ಚಿಲ್ಲರೆಯಲ್ಲಿ ಮುಗಿಯಬೇಕಾಗುತ್ತದೆ. ಈ ಹಂಚಿಕೆಯೇ ತಪ್ಪು ಎನ್ನುವುದು ನನ್ನ ವಾದ. ಚಿಂತಾಮಣಿ ಕಡೆಯ ಭಜನೆ ತಂಡ ಕೈವಾರ ತಾತಯ್ಯನವರ ತೆಲುಗು, ಕನ್ನಡ ತತ್ವಪದಗಳನ್ನು ಹಾಡಿ ಉಳಿಸಿಕೊಳ್ಳಬೇಕೆಂದಿರಲಿ, ಗೌರಿಬಿದನೂರಿನ ಹುಡುಗಿ ಯೂಟ್ಯೂಬಿಗೆ ಭಾವಗೀತೆ ಹಾಕಬೇಕೆಂದಿರಲಿ, ಶಿಡ್ಲಘಟ್ಟದ ಹುಡುಗರು ತಮಟೆ ಸೇರಿಸಿ ಹೊಸ ಹಾಡು ಕಟ್ಟಬೇಕೆಂದಿರಲಿ, ಕಂಪ್ಯೂಟರಿಗೆ ಹಾಕುವ ದುಡ್ಡು ಒಟ್ಟು ಬಂಡವಾಳದ ಮೂರನೇ ಒಂದು ಭಾಗವನ್ನು ದಾಟಬಾರದು.

ಹಾಡು ರೆಕಾರ್ಡ್ ಆಗುವಾಗ ಕಂಪ್ಯೂಟರಿನ ಮೇಲೆ ಎಷ್ಟು ಹೊರೆ ಬೀಳುತ್ತದೆಂದು ಲೆಕ್ಕ ಹಾಕಿಯೇ ನೋಡಬಹುದು. ಸೆಕೆಂಡಿಗೆ 48 ಸಾವಿರ ಸಲ ದನಿಯನ್ನು ಅಳೆದು, ಒಂದೊಂದು ಅಳತೆಯನ್ನೂ 24 ಬಿಟ್‌ನಲ್ಲಿ, ಅಂದರೆ 3 ಬೈಟ್‌ನಲ್ಲಿ ಬರೆದಿಟ್ಟರೆ ಸೆಕೆಂಡಿಗೆ 1,44,000 ಬೈಟ್ ಆಗುತ್ತದೆ. ಹಾರ್ಮೋನಿಯಂ, ತಬಲ, ತಾಳ, ಮುಖ್ಯ ಗಾಯಕರು, ಹಿಮ್ಮೇಳ ಎಂದು 10 ಟ್ರ್ಯಾಕ್ ಸೇರಿದರೂ 5 ನಿಮಿಷದ ಹಾಡಿಗೆ 432 ಎಂಬಿ ಸಾಕು. ಹತ್ತನ್ನೂ ಒಟ್ಟಿಗೆ ಬರೆಯುವಾಗಲೂ ಸೆಕೆಂಡಿಗೆ ಒಂದೂವರೆ ಎಂಬಿ ದಾಟುವುದಿಲ್ಲ. ಸಾಧಾರಣ ಎಸ್‌ಎಸ್‌ಡಿ ಕೂಡ ಇದರ ನೂರಾರು ಪಟ್ಟು ವೇಗದಲ್ಲಿ ಬರೆಯುತ್ತದೆ. ನಿಜವಾದ ತೊಂದರೆ ಇರುವುದು ತಡದಲ್ಲಿ. ಹಾಡಿದ ದನಿ ಕಂಪ್ಯೂಟರನ್ನು ಹೊಕ್ಕು ಹೆಡ್‌ಫೋನಿಗೆ ವಾಪಸು ಬರುವಷ್ಟರಲ್ಲಿ ತಾಳ ತಪ್ಪಬಾರದು. ಬಫರನ್ನು, ಅಂದರೆ ಒಂದು ಸಲಕ್ಕೆ ಕೂಡಿಟ್ಟು ಸಾಗಿಸುವ ಅಳತೆಗಳ ಗುಂಪನ್ನು, 256ಕ್ಕೆ ಇಟ್ಟರೆ ಒಂದು ದಿಕ್ಕಿಗೆ ಸುಮಾರು 5.3 ಮಿಲಿಸೆಕೆಂಡ್ ಹಿಡಿಯುತ್ತದೆ. ಅಷ್ಟು ಹೊತ್ತಿನಲ್ಲಿ ಶಬ್ದ ಗಾಳಿಯಲ್ಲಿ ಆರಡಿ ಸಾಗುತ್ತದೆ. ಹೋಗಿ ಬರುವುದೆರಡೂ ಸೇರಿದರೆ, ವೇದಿಕೆಯಲ್ಲಿ ಹನ್ನೆರಡು ಅಡಿ ಆಚೆ ಕೂತವರ ತಬಲ ಕಿವಿಗೆ ಮುಟ್ಟುವಷ್ಟೇ ತಡ. ಇದನ್ನು ಸಾಧಿಸಿಕೊಡುವುದು ಮುಖ್ಯವಾಗಿ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ, ಸರಿಯಾದ ಆಸಿಯೋ ಡ್ರೈವರ್ ಇರುವ ಆಡಿಯೋ ಇಂಟರ್‌ಫೇಸ್, ದುಬಾರಿ ಪ್ರೊಸೆಸರ್ ಅಲ್ಲ. ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಮಾನಿಟರ್ ಗುಂಡಿ ಇದ್ದರಂತೂ ಹಾಡುವವರ ದನಿ ಕಂಪ್ಯೂಟರಿಗೆ ಹೋಗಿ ಬರಬೇಕಾಗಿಯೇ ಇಲ್ಲ, ನೇರ ಕಿವಿಗೆ ಬರುತ್ತದೆ.

ಹೆಚ್ಚು ದುಡ್ಡು ಕೊಟ್ಟ ಯಂತ್ರವೇ ಕೆಲಸ ಕೆಡಿಸುವ ಸಂದರ್ಭವೂ ಉಂಟು. ಗೇಮಿಂಗ್ ಲ್ಯಾಪ್‌ಟಾಪಿನ ಬಲಶಾಲಿ ಚಿಪ್ಪು ಬಿಸಿಯಾದಂತೆ ಫ್ಯಾನು ಜೋರಾಗುತ್ತದೆ. ಸಣ್ಣ ಕೋಣೆಯಲ್ಲಿ ಮೈಕು, ಲ್ಯಾಪ್‌ಟಾಪ್ ಎರಡೂ ಒಂದೇ ಮೇಜಿನ ಮೇಲಿರುವಾಗ ಆ ಸದ್ದು ಹಾಡಿನ ಅಡಿಗೆ ಬಂದು ಕೂರುತ್ತದೆ. 15 ವ್ಯಾಟಿನ ಚಿಪ್ಪಿರುವ ಆಫೀಸ್ ಲ್ಯಾಪ್‌ಟಾಪ್ ಬಹುಪಾಲು ಹೊತ್ತು ಸದ್ದಿಲ್ಲದೆ ಇರುತ್ತದೆ. ಅದೇ ಬೆಲೆಗೆ ಡೆಸ್ಕ್‌ಟಾಪ್ ಇನ್ನೂ ಚೆನ್ನಾಗಿರುವುದು ಸಿಗುತ್ತದೆ ಎನ್ನುವವರಿದ್ದಾರೆ, ಅದು ನಿಜ. ಆದರೆ ನಮ್ಮ ಊರುಗಳಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಲ್ಯಾಪ್‌ಟಾಪಾದರೆ ಹಾಡು ನಡುವೆ ನಿಲ್ಲುವುದಿಲ್ಲ. ಇನ್ನೊಂದು ಲಾಭ ಇದಕ್ಕಿಂತ ದೊಡ್ಡದು. ಹಳೆಯ ಮನೆಗಳಲ್ಲಿ ಅರ್ಥಿಂಗ್ ಸರಿಯಿಲ್ಲದಿದ್ದರೆ ಚಾರ್ಜರ್ ಚುಚ್ಚಿದ ಕೂಡಲೇ ಹೆಡ್‌ಫೋನಿನಲ್ಲಿ ‘ಗುಂಯ್’ ಎಂದು ಹಮ್ ಶುರುವಾಗುತ್ತದೆ. ಎಷ್ಟೋ ಸಲ ಚಾರ್ಜರ್ ಕಿತ್ತರೆ ಅದು ಮಾಯ. ಬ್ಯಾಟರಿಯಲ್ಲೇ ಹಾಡು ಮುಗಿಸಿ ಆಮೇಲೆ ಚಾರ್ಜ್ ಹಾಕಿಕೊಳ್ಳಬಹುದು.

ಹಾಗಾದರೆ ಯಾವುದನ್ನು ಕೊಳ್ಳುವುದು? ಬೆಂಗಳೂರಿನ ಕಂಪನಿಗಳು ಕೆಲವು ವರ್ಷ ಬಳಸಿ ಕೊಡವಿಕೊಂಡ ಲ್ಯಾಪ್‌ಟಾಪುಗಳು ಎಸ್.ಪಿ. ರೋಡಿನ ಅಂಗಡಿಗಳಿಗೆ ಬರುತ್ತವೆ. ಚಿಕ್ಕಬಳ್ಳಾಪುರದಿಂದ ಬಸ್ಸು ಹತ್ತಿದರೆ ಹೋಗಿ ನೋಡಿಕೊಂಡು ಸಂಜೆಗೆ ವಾಪಸಾಗಬಹುದು. ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 5490, ಎಚ್‌ಪಿ ಎಲೀಟ್‌ಬುಕ್ 840 ಜಿ5 ಇವು 2018ರ ಯಂತ್ರಗಳು. ಬಹುಪಾಲು ಇಂಟೆಲ್ ಎಂಟನೇ ತಲೆಮಾರಿನ ಚಿಪ್ಪು, ಬದಲಿಸಬಹುದಾದ ಎರಡು ರ‍್ಯಾಮ್ ಸ್ಲಾಟು ಇರುತ್ತವೆ. ಇವಕ್ಕಿಂತ ಹಳೆಯದು ಇನ್ನೂ ಅಗ್ಗಕ್ಕೆ ಸಿಗುತ್ತದೆಂದು ಕೈ ಹಾಕಬೇಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಇಂಟೆಲ್‌ನಲ್ಲಿ ಬಹುಮಟ್ಟಿಗೆ ಎಂಟನೇ ತಲೆಮಾರಿನಿಂದ ಈಚಿನದನ್ನು ಮಾತ್ರ ಒಪ್ಪುತ್ತದೆ. ಲಿನಕ್ಸ್ ಬಳಸಬಲ್ಲವರಿಗೆ ಈ ಕಟ್ಟುಪಾಡಿಲ್ಲ. ಸೆಕೆಂಡ್ ಹ್ಯಾಂಡಿಗೆ ಗ್ಯಾರಂಟಿ ಎಲ್ಲಿದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೇ ಅಂಗಡಿಯಲ್ಲೇ ನಿಂತು ಆನ್ ಮಾಡಿಸಿ, ಬಯೋಸ್‌ಗೆ ಹಳೆ ಕಂಪನಿಯ ಪಾಸ್‌ವರ್ಡ್ ಉಳಿದಿದೆಯೇ ನೋಡಬೇಕು, ಎಸ್‌ಎಸ್‌ಡಿ ಆರೋಗ್ಯ ತೋರಿಸುವ ತಂತ್ರಾಂಶ ಓಡಿಸಬೇಕು, ಚಾರ್ಜರ್ ಕಿತ್ತು ಅರ್ಧ ಗಂಟೆ ಬಿಡಬೇಕು, ಯುಎಸ್‌ಬಿ ತೂತುಗಳಿಗೆ ಒಂದೊಂದಾಗಿ ಪೆನ್‌ಡ್ರೈವ್ ಹಾಕಿ ಪರೀಕ್ಷಿಸಬೇಕು. ಬಿಲ್ಲು ಕೊಡದ ಅಂಗಡಿ ಬೇಡ.

ಕಂಪ್ಯೂಟರಿಗೆ ಕಡಿಮೆ ಹಾಕಬೇಕೆನ್ನಲು ಹಣದ ದೃಷ್ಟಿಯಿಂದ ಇನ್ನೂ ಗಟ್ಟಿಯಾದ ಕಾರಣವೊಂದಿದೆ. ಆದಾಯ ತೆರಿಗೆಯ ಸವಕಳಿ ಪಟ್ಟಿಯಲ್ಲಿ ಕಂಪ್ಯೂಟರಿಗೆ ವರ್ಷಕ್ಕೆ ಶೇ 40, ಸಾಮಾನ್ಯ ಯಂತ್ರೋಪಕರಣಕ್ಕೆ ಶೇ 15. ಈ ದರದಲ್ಲಿ 50 ಸಾವಿರದ ಹೊಸ ಕಂಪ್ಯೂಟರ್ ಮೂರು ವರ್ಷಕ್ಕೆ ಪುಸ್ತಕದಲ್ಲಿ 10,800 ರೂಪಾಯಿಗೆ ಇಳಿಯುತ್ತದೆ. ಅಷ್ಟೇ ಬೆಲೆಯ ಬೇರೆ ಉಪಕರಣ 30,700ರ ಆಸುಪಾಸಿನಲ್ಲಿರುತ್ತದೆ. ಮಾರುಕಟ್ಟೆಯೂ ಇದೇ ದಿಕ್ಕಿನಲ್ಲಿ ನಡೆಯುತ್ತದೆ. ಶೂರ್ ಕಂಪನಿಯ ಎಸ್‌ಎಂ58 ಮೈಕು 1966ರಲ್ಲಿ ಬಂದದ್ದು, ಇವತ್ತಿಗೂ ಅದೇ ಹೆಸರಿನಲ್ಲಿ ತಯಾರಾಗುತ್ತಿದೆ, ವೇದಿಕೆಗಳಲ್ಲಿ ದುಡಿಯುತ್ತಿದೆ. ಬೇಗ ಸವೆಯುವ ವಸ್ತುವಿಗೆ ಸಾಲ ಮಾಡುವುದಂತೂ ಎರಡು ಪಟ್ಟು ನಷ್ಟ. ಶೇ 15ರ ಬಡ್ಡಿಗೆ 60 ಸಾವಿರವನ್ನು 12 ಕಂತಿನಲ್ಲಿ ತೀರಿಸಿದರೆ ತಿಂಗಳಿಗೆ ಸುಮಾರು 5,415 ರೂಪಾಯಿ. ಬಡ್ಡಿಯೇ 5 ಸಾವಿರದ ಹತ್ತಿರ ಹೋಗುತ್ತದೆ, ಅದು ಮೈಕಿಗೆ ಸೇರಬೇಕಾದ ದುಡ್ಡು. ಬಡ್ಡಿಯಿಲ್ಲದ ಕಂತು ಇದೆಯಲ್ಲ ಎನ್ನಬಹುದು. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ರೊಕ್ಕ ಕೊಟ್ಟು ಕೊಳ್ಳುವವರಿಗೆ ಸಿಗುವ ರಿಯಾಯಿತಿಯಲ್ಲೋ, ಸಂಸ್ಕರಣಾ ಶುಲ್ಕದಲ್ಲೋ ಬಡ್ಡಿ ಅಡಗಿರುತ್ತದೆ.

ಉಳಿಸಿದ ದುಡ್ಡಿನಿಂದ ಏನು ಸಿಗುತ್ತದೆಂಬುದಕ್ಕೆ ತಮಟೆಯನ್ನೇ ತೆಗೆದುಕೊಳ್ಳಿ. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ತಂದುಕೊಟ್ಟ ವಾದ್ಯ ಅದು. ಬೆಂಕಿಗೆ ಹಿಡಿದು ಬಿಗಿ ಮಾಡಿದ ಚರ್ಮದ ಮೇಲೆ ಕೋಲು ಬಿದ್ದಾಗ ದನಿ ಕಣ್ಣು ಮಿಟುಕಿಸುವುದರೊಳಗೆ ತುತ್ತತುದಿ ಮುಟ್ಟಿ ಇಳಿಯುತ್ತದೆ. ಮೊಬೈಲೇ ಸಾಕಲ್ಲ ಎನ್ನುವವರು ಇದನ್ನು ಮೊಬೈಲಿನಲ್ಲಿ ಹಿಡಿದು ಕೇಳಬೇಕು. ಪೆಟ್ಟು ಬಿದ್ದೊಡನೆ ಫೋನು ತಾನೇ ದನಿ ತಗ್ಗಿಸಿ, ಮರುಕ್ಷಣ ಏರಿಸುತ್ತದೆ. ಪೆಟ್ಟುಗಳ ಹಿಂದಿನ ಹಾಡು ಮುಳುಗಿ ಏಳುತ್ತಿರುತ್ತದೆ. ತಾಲೀಮಿಗೆ ಫೋನು ಸಾಕು, ಇಟ್ಟುಕೊಳ್ಳುವ ಹಾಡಿಗೆ ಸಾಲದು. ಡೈನಮಿಕ್ ಮೈಕನ್ನು ಮೂರ್ನಾಲ್ಕು ಅಡಿ ದೂರದಲ್ಲಿ ಓರೆಯಾಗಿ ನಿಲ್ಲಿಸಿ, ಅತಿ ಜೋರಿನ ಪೆಟ್ಟು ಮೈನಸ್ 12 ಡೆಸಿಬಲ್ ದಾಟದಂತೆ ಗೇನ್ ಇಳಿಸಿದರೆ ಕೋಲಿನ ಏಟೂ ಚರ್ಮದ ನಾದವೂ ಬೇರೆ ಬೇರೆಯಾಗಿ ಕೇಳುತ್ತವೆ. 24 ಬಿಟ್ ಇರುವುದರಿಂದ ಕಡಿಮೆ ಮಟ್ಟದಲ್ಲಿ ಹಿಡಿದರೂ ಏನೂ ಕಳೆಯುವುದಿಲ್ಲ, ಒಡೆದ ದನಿಯನ್ನು ಮಾತ್ರ ಆಮೇಲೆ ಸರಿಪಡಿಸಲಾಗದು. ರೇಷ್ಮೆ ನೂಲು ಬಿಚ್ಚಾಣಿಕೆ ನಡೆಯುವ ಬೀದಿಯಲ್ಲಿ ಮನೆ ಇರುವವರಿಗೂ ಡೈನಮಿಕ್ ಮೈಕೇ ವಾಸಿ. ಹಾಡುವವರು ಅದರ ಹತ್ತಿರವೇ ನಿಂತು ಹಾಡುವುದರಿಂದ ರೀಲಿಂಗ್ ಯಂತ್ರದ ಸದ್ದು ಹಿಂದೆ ಸರಿಯುತ್ತದೆ. ಕಂಡೆನ್ಸರ್ ಮೈಕು ಅದನ್ನೂ ಹಾಡಿನ ಜೊತೆಗೇ ಹೀರಿಕೊಂಡುಬಿಡುತ್ತದೆ.

ಸಂಗೀತ ಸಂಯೋಜನೆ ಮಾಡುವವರು ನನ್ನ ವಾದವನ್ನು ಪೂರ್ತಿ ಒಪ್ಪಲಾರರು, ಒಪ್ಪಬೇಕಾಗಿಯೂ ಇಲ್ಲ. ಪಿಟೀಲು ವೃಂದ, ಕೊಳಲು, ಸಿತಾರ್ ಎಲ್ಲವನ್ನೂ ಸ್ಯಾಂಪಲ್‌ಗಳಿಂದ ಕೀಬೋರ್ಡಿನಲ್ಲೇ ನುಡಿಸುವವರಿಗೆ 8 ಜಿಬಿ ರ‍್ಯಾಮ್ ಸಾಲದು, 16 ಬೇಕು, ದೊಡ್ಡ ಲೈಬ್ರರಿಗಳಿಗೆ 32. ಆದರೂ ಅವರು ಮೊದಲು ರ‍್ಯಾಮ್ ಹೆಚ್ಚಿಸಿಕೊಂಡು, ಮುಗಿದ ಟ್ರ್ಯಾಕುಗಳನ್ನು ಫ್ರೀಜ್ ಮಾಡುತ್ತ (ಸಿದ್ಧ ದನಿಯಾಗಿ ಬರೆದಿಡುತ್ತ) ನಡೆದರೆ ಹೊಸ ಕಂಪ್ಯೂಟರಿನ ಖರ್ಚನ್ನು ಮುಂದೂಡಬಹುದು. ವರ್ಷಕ್ಕೆ ಒಂದೋ ಎರಡೋ ಹಾಡು ಮಾಡುವವರು ಏನನ್ನೂ ಕೊಳ್ಳದೆ ಗಂಟೆ ಲೆಕ್ಕದಲ್ಲಿ ಸ್ಟುಡಿಯೋಗೆ ಹೋಗುವುದೇ ಲಾಭ. ತಂತ್ರಾಂಶಕ್ಕೆ ದೊಡ್ಡ ಮೊತ್ತ ಬೇಡ: ಅಡಾಸಿಟಿ ಉಚಿತ, ರೀಪರ್ 60 ದಿನ ಪರೀಕ್ಷೆಗೆ ಸಿಗುತ್ತದೆ, ವೈಯಕ್ತಿಕ ಬಳಕೆಯ ಪರವಾನಗಿಗೆ 60 ಡಾಲರ್.

ಬಜೆಟ್ಟಿನಲ್ಲಿ ಒಂದು ಬಾಬ್ತನ್ನು ಮಾತ್ರ ಯಾರೂ ಕಡಿತ ಮಾಡಬಾರದು, ಅದು ನಕಲು ಇಟ್ಟುಕೊಳ್ಳುವ ಖರ್ಚು. ಹಳ್ಳಿಯ ಹಿರಿಯರೊಬ್ಬರು ಇವತ್ತು ಹಾಡಿದ ತತ್ವಪದವನ್ನು ಮುಂದಿನ ವರ್ಷ ಅದೇ ದನಿಯಲ್ಲಿ ಹಾಡುತ್ತಾರೆಂಬ ಭರವಸೆ ಇಲ್ಲ. ಒಂದು ಟಿಬಿಯ ಹೊರ ಡಿಸ್ಕಿನಲ್ಲಿ, ಮೇಲಿನ ಲೆಕ್ಕದ ಹಾಡುಗಳು ಎರಡು ಸಾವಿರಕ್ಕೂ ಹೆಚ್ಚು ಹಿಡಿಯುತ್ತವೆ. ಅಂಥವು ಎರಡನ್ನು ಕೊಂಡು, ಒಂದನ್ನು ಹಾಡಿದವರ ಮನೆಯಲ್ಲೇ ಇಡಿ.