ಪ್ಲಗಿನ್ ಹಾಕುವ ಮೊದಲು: ಊರಲ್ಲೇ ವೆಬ್‌ಸೈಟ್ ಕಟ್ಟುವವರಿಗೆ ಹತ್ತು ಸೂತ್ರಗಳು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯಲ್ಲಿ ಈಗ ವೆಬ್‌ಸೈಟ್ ಬೇಕೆನ್ನುವವರಿಗೆ ಕೊರತೆಯಿಲ್ಲ. ಕಬಿನಿ ಹಿನ್ನೀರಿನ ಹೋಮ್‌ಸ್ಟೇ, ಖಾಸಗಿ ಶಾಲೆ, ರೈತ ಉತ್ಪಾದಕರ ಕಂಪನಿ, ದೇವಸ್ಥಾನದ ಟ್ರಸ್ಟ್, ಸಹಕಾರ ಸಂಘ, ಎಲ್ಲರೂ ಕೇಳುವವರೇ. ಕಟ್ಟಿಕೊಡಲು ಬೆಂಗಳೂರಿನ ಕಂಪನಿಯೇ ಬರಬೇಕಿಲ್ಲ. ಡಿಟಿಪಿ ಅಂಗಡಿ ನಡೆಸುವವರು, ಡಿಪ್ಲೊಮಾ ಅಥವಾ ಬಿಸಿಎ ಮುಗಿಸಿ ಊರಲ್ಲೇ ಉಳಿದವರು ಈ ಕೆಲಸಕ್ಕೆ ಕೈಹಾಕಬಹುದು. ವರ್ಡ್‌ಪ್ರೆಸ್, ಡ್ರುಪಲ್, ಜೂಮ್ಲಾದಂಥ ಮುಕ್ತ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ. ಆದರೆ ಸೈಟ್ ಕೆಟ್ಟುನಿಂತ ದಿನ ಫೋನ್ ಮಾಡಲು ಕಸ್ಟಮರ್ ಕೇರ್ ಇರುವುದಿಲ್ಲ. ಇರುವುದು ಬಳಕೆದಾರರ ಬಳಗ. ಅದು ನಡೆಯುವುದು ನಮ್ಮ ಹೊಲಗದ್ದೆಯ ಮುಯ್ಯಾಳಿನ ಲೆಕ್ಕದಲ್ಲಿ. ಇವತ್ತು ಅವರು ನಿಮ್ಮ ಕೆಲಸಕ್ಕೆ ಬಂದರೆ ನಾಳೆ ನೀವು ಇನ್ನೊಬ್ಬರ ಕೆಲಸಕ್ಕೆ ಹೋಗಬೇಕು. ಮೂಲ ತಂತ್ರಾಂಶಕ್ಕೆ ಹೆಚ್ಚಿನ ಸೌಲಭ್ಯ ಜೋಡಿಸುವ ಪ್ಲಗಿನ್‌ಗಳಲ್ಲಿ ಯಾವುದನ್ನು ನಂಬಬೇಕು, ತೊಂದರೆ ಬಂದಾಗ ಹೇಗೆ ಕೇಳಬೇಕು ಎಂಬುದು ತಿಳಿದವರು ಮಾತ್ರ ಈ ಕಸುಬಿನಲ್ಲಿ ನಿಲ್ಲುತ್ತಾರೆ.

1. ತಂತ್ರಾಂಶಕ್ಕಿಂತ ಮೊದಲು ಬಳಗ ನೋಡಿ

ಡ್ರುಪಲ್ 2001ರಿಂದ, ವರ್ಡ್‌ಪ್ರೆಸ್ 2003ರಿಂದ, ಜೂಮ್ಲಾ 2005ರಿಂದ ಬಳಕೆಯಲ್ಲಿವೆ. ಮೂರೂ ಗಟ್ಟಿ ತಂತ್ರಾಂಶಗಳೇ. ಹರಿಪ್ರಸಾದ್ ನಾಡಿಗ್ 2005ರಲ್ಲಿ ಆರಂಭಿಸಿದ ‘ಸಂಪದ’ ಡ್ರುಪಲ್ ಮೇಲೆ ನಿಂತಿತು. ಓದುಗರೇ ಸದಸ್ಯರಾಗಿ ಬರೆಯುವ ತಾಣಕ್ಕೆ ಅದು ಒಗ್ಗುವ ಆಯ್ಕೆ. ಜಿ.ಎನ್. ಮೋಹನ್ ಅವರ ‘ಅವಧಿ’ ಶುರುವಾದದ್ದು ವರ್ಡ್‌ಪ್ರೆಸ್‌ನಲ್ಲಿ. ದಿನವೂ ಹೊಸ ಬರಹ ಹಾಕುವ ಪತ್ರಿಕೆಗೆ ಅದು ಸಲೀಸು. ಶಾಲೆಗೋ ಹೋಮ್‌ಸ್ಟೇಗೋ ವರ್ಡ್‌ಪ್ರೆಸ್ ಧಾರಾಳವಾಗಿ ಸಾಕು. ಜಗತ್ತಿನ ವೆಬ್‌ಸೈಟ್‌ಗಳಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಇದರ ಮೇಲೆಯೇ ನಡೆಯುತ್ತಿರುವುದರಿಂದ, ನಿಮಗೆ ಬಂದ ತೊಂದರೆ ಇನ್ನೊಬ್ಬರಿಗೆ ಆಗಲೇ ಬಂದಿರುತ್ತದೆ, ಉತ್ತರವೂ ಸಿಕ್ಕಿರುತ್ತದೆ.

ಆವೃತ್ತಿಯನ್ನೂ ನೋಡಿ. ಡ್ರುಪಲ್ 7ಕ್ಕೆ ಬಳಗದ ಬೆಂಬಲ 2025ರ ಜನವರಿ 5ಕ್ಕೆ ಮುಗಿದಿದೆ. ಅಂಥ ಹಳೆಯ ಸೈಟ್ ರಿಪೇರಿಗೆ ಬಂದರೆ ತೇಪೆ ಹಾಕಲು ಒಪ್ಪಬೇಡಿ, ಹೊಸದಕ್ಕೆ ಸಾಗಿಸುವ ಮಾತಾಡಿ.

2. ಪ್ಲಗಿನ್ ಇಲ್ಲದೆ ಆಗುತ್ತದೆಯೇ ಎಂದು ಮೊದಲು ಕೇಳಿಕೊಳ್ಳಿ

ವರ್ಡ್‌ಪ್ರೆಸ್‌ನ ಅಧಿಕೃತ ಭಂಡಾರದಲ್ಲಿ 50 ಸಾವಿರಕ್ಕೂ ಹೆಚ್ಚು ಉಚಿತ ಪ್ಲಗಿನ್‌ಗಳಿವೆ. ಅದನ್ನು ಕಂಡವರಿಗೆ ಎಲ್ಲವನ್ನೂ ಹಾಕಿಬಿಡುವ ಆಸೆ ಹುಟ್ಟುವುದು ಸಹಜ. ಆದರೆ ಒಂದೊಂದು ಪ್ಲಗಿನ್ ಕೂಡ ಬೇರೆ ಯಾರೋ ಬರೆದ, ನೀವು ಓದಿರದ ಕೋಡ್. 2018ರ ಡಿಸೆಂಬರ್‌ನಲ್ಲಿ ಬಂದ 5.0 ಆವೃತ್ತಿಯಿಂದ ಫೋಟೊ ಗ್ಯಾಲರಿ, ಕಾಲಂ, ಬಟನ್, ಪಟ್ಟಿ ಎಲ್ಲವೂ ಮೂಲ ತಂತ್ರಾಂಶದ ಬ್ಲಾಕ್‌ಗಳಾಗಿಯೇ ಸಿಗುತ್ತವೆ. ಹಿನ್ನೀರಿನ ಪಕ್ಕದ ನಾಲ್ಕು ಕೋಣೆಯ ಹೋಮ್‌ಸ್ಟೇಗೆ ಬುಕಿಂಗ್ ಪ್ಲಗಿನ್ ಯಾಕೆ? ಬರುವವರು ಹೇಗೂ ಫೋನ್ ಮಾಡಿಯೇ ಬರುತ್ತಾರೆ. ಒತ್ತಿದರೆ ನೇರ ಕರೆ ಹೋಗುವ ಒಂದು ಬಟನ್, ವಾಟ್ಸ್ಆ್ಯಪ್‌ಗೆ ಒಂದು ಕೊಂಡಿ ಇದ್ದರೆ ಕೆಲಸ ಮುಗಿಯಿತು. ಸಿಗ್ನಲ್ ಸರಿಯಾಗಿ ಸಿಗದ ಕಾಡಂಚಿನಲ್ಲಿ ಹಗುರ ಪುಟವೇ ತೆರೆದುಕೊಳ್ಳುತ್ತದೆ ಎಂಬುದೂ ನೆನಪಿರಲಿ.

3. ಪ್ಲಗಿನ್‌ನ ಪೂರ್ವಾಪರ ವಿಚಾರಿಸಿ

ಭಂಡಾರದಲ್ಲಿ ಪ್ರತಿ ಪ್ಲಗಿನ್‌ನ ಪಕ್ಕದಲ್ಲೇ ನಾಲ್ಕು ಸಂಗತಿ ಬರೆದಿರುತ್ತದೆ. ಕೊನೆಯ ಅಪ್‌ಡೇಟ್ ಯಾವಾಗ ಆಯಿತು, ಎಷ್ಟು ಸೈಟ್‌ಗಳಲ್ಲಿ ಬಳಕೆಯಲ್ಲಿದೆ, ಯಾವ ಆವೃತ್ತಿಯವರೆಗೆ ಪರೀಕ್ಷಿಸಿದ್ದಾರೆ, ಕಳೆದ ಎರಡು ತಿಂಗಳಲ್ಲಿ ಬಂದ ದೂರುಗಳಲ್ಲಿ ಎಷ್ಟು ಪರಿಹಾರವಾಗಿವೆ. ಈ ನಾಲ್ಕನೆಯದನ್ನು ಬಹಳ ಜನ ನೋಡುವುದೇ ಇಲ್ಲ. ಬರೆದವರು ಇನ್ನೂ ಉತ್ತರ ಕೊಡುತ್ತಿದ್ದಾರೆಯೇ ಎಂಬುದನ್ನು ಅದೇ ಹೇಳುತ್ತದೆ. ಇತ್ತೀಚಿನ ಮೂರು ದೊಡ್ಡ ಆವೃತ್ತಿಗಳ ಜೊತೆ ಪರೀಕ್ಷಿಸಿಲ್ಲ ಎಂಬ ಎಚ್ಚರಿಕೆ ಕಂಡರೆ ಅದನ್ನು ಬಿಟ್ಟು ಬೇರೆ ಹುಡುಕಿ. ವಿಮರ್ಶೆಗಳಲ್ಲಿ ಒಂದು ನಕ್ಷತ್ರ ಕೊಟ್ಟವರ ಮಾತನ್ನು ಮೊದಲು ಓದಿ.

ಮಿನುಗುವ ಹೊಸದಕ್ಕಿಂತ ಬಾಳಿಕೆ ಬಂದದ್ದು ಮೇಲು. ಜಪಾನಿನ ತಕಾಯುಕಿ ಮಿಯೋಶಿ ಬರೆದ ‘ಕಾಂಟ್ಯಾಕ್ಟ್ ಫಾರ್ಮ್ 7’ 2007ರಿಂದ ನಡೆದುಬಂದಿದೆ. ಥೀಮ್‌ಗೂ ಇದೇ ಮಾತು. ಪುಣೆಯ ಬ್ರೈನ್‌ಸ್ಟಾರ್ಮ್ ಫೋರ್ಸ್‌ನವರ ‘ಆಸ್ಟ್ರಾ’ ಥೀಮ್ ಹತ್ತು ಲಕ್ಷಕ್ಕೂ ಹೆಚ್ಚು ಸೈಟ್‌ಗಳಲ್ಲಿದೆ.

4. ಕದ್ದ ಪ್ಲಗಿನ್ ಮುಟ್ಟಬೇಡಿ, ಕೈಬದಲಾದದ್ದನ್ನು ಗಮನಿಸಿ

ಹಣ ಕೊಟ್ಟು ಕೊಳ್ಳಬೇಕಾದ ಪ್ಲಗಿನ್‌ನ ಬೀಗ ಒಡೆದು ಟೆಲಿಗ್ರಾಂ ಗುಂಪುಗಳಲ್ಲಿ ಹಂಚುವವರಿದ್ದಾರೆ. ಒಳಗೆ ಬೇರೆ ಏನು ಸೇರಿಸಿದ್ದಾರೆ ಎಂದು ನೋಡುವವರು ಯಾರು? ಅಪ್‌ಡೇಟ್ ಬರುವುದಿಲ್ಲ, ಬೆಂಬಲ ಕೇಳುವಂತಿಲ್ಲ, ಸೈಟ್ ಹೋದರೆ ಹೆಸರು ಕೆಡುವುದು ನಿಮ್ಮದು.

ಒಳ್ಳೆಯ ಪ್ಲಗಿನ್ ಕೂಡ ಮಾಲೀಕರು ಬದಲಾದರೆ ಕೆಡಬಹುದು. ಮೂರು ಲಕ್ಷ ಸೈಟ್‌ಗಳಲ್ಲಿದ್ದ ‘ಕ್ಯಾಪ್ಚಾ’ ಪ್ಲಗಿನ್ ಮಾರಾಟವಾದ ಮೇಲೆ ಅದರೊಳಗೆ ಹಿಂಬಾಗಿಲು ಇಟ್ಟಿರುವುದು 2017ರ ಡಿಸೆಂಬರ್‌ನಲ್ಲಿ ಬಯಲಾಯಿತು. 2024ರ ಅಕ್ಟೋಬರ್‌ನಲ್ಲಿ ಇನ್ನೊಂದು ಬಗೆಯ ಪೇಚು. ವರ್ಡ್‌ಪ್ರೆಸ್‌ನ ಮುಂದಾಳುಗಳಿಗೂ ಡಬ್ಲ್ಯುಪಿ ಎಂಜಿನ್ ಕಂಪನಿಗೂ ನಡೆದ ಜಗಳದಲ್ಲಿ, ಲಕ್ಷಾಂತರ ಸೈಟ್‌ಗಳು ನೆಚ್ಚಿದ್ದ ‘ಅಡ್ವಾನ್ಸ್ಡ್ ಕಸ್ಟಮ್ ಫೀಲ್ಡ್ಸ್’ ಭಂಡಾರದಲ್ಲಿ ಕೆಲಕಾಲ ಬೇರೆ ಹೆಸರಿನ, ಬೇರೆಯವರ ಕೈಯಲ್ಲಿರುವ ಪ್ಲಗಿನ್ ಆಗಿಬಿಟ್ಟಿತ್ತು. ಗಿರಾಕಿಯ ಇಡೀ ವ್ಯವಹಾರವನ್ನು ಒಂದೇ ಪ್ಲಗಿನ್‌ಗೆ ನೇತುಹಾಕಬೇಡಿ.

5. ಬ್ಯಾಕಪ್ ಮೊದಲು, ಅಪ್‌ಡೇಟ್ ಆಮೇಲೆ

2024ರ ಆಗಸ್ಟ್‌ನಲ್ಲಿ 50 ಲಕ್ಷಕ್ಕೂ ಹೆಚ್ಚು ಸೈಟ್‌ಗಳಲ್ಲಿದ್ದ ‘ಲೈಟ್‌ಸ್ಪೀಡ್ ಕ್ಯಾಶ್’ ಪ್ಲಗಿನ್‌ನಲ್ಲಿ ಹೊರಗಿನವರು ಅಡ್ಮಿನ್ ಆಗಿ ನುಗ್ಗಬಹುದಾದ ಬಿರುಕು ಪತ್ತೆಯಾಯಿತು. ತಿದ್ದಿದ ಆವೃತ್ತಿಯೂ ಬಂತು. ಆದರೆ ತಿದ್ದುಪಡಿ ಬಂದರೆ ಸಾಲದು, ನೀವು ಹಾಕಿಕೊಳ್ಳಬೇಕು. ವರ್ಡ್‌ಪ್ರೆಸ್‌ನ 2020ರ 5.5 ಆವೃತ್ತಿಯಿಂದ ಪ್ಲಗಿನ್‌ಗಳು ತಾವಾಗಿಯೇ ಅಪ್‌ಡೇಟ್ ಆಗುವ ಸೌಲಭ್ಯವಿದೆ. ಸಣ್ಣ ಸೈಟ್‌ಗಳಿಗೆ ಅದನ್ನು ಆನ್ ಮಾಡಿಡುವುದೇ ಲೇಸು.

ಬ್ಯಾಕಪ್ ಅದೇ ಹೋಸ್ಟಿಂಗ್‌ನಲ್ಲಿದ್ದರೆ ಅದು ಬ್ಯಾಕಪ್ ಅಲ್ಲ. ಗೂಗಲ್ ಡ್ರೈವ್‌ಗೋ ಬೇರೆ ಕಡೆಗೋ ಹೋಗಲಿ. ಒಮ್ಮೆಯಾದರೂ ಅದರಿಂದ ಸೈಟ್ ಮರಳಿ ಎಬ್ಬಿಸಿ ನೋಡಿ. ದೊಡ್ಡ ಬದಲಾವಣೆಗೆ ಹೊತ್ತು ನೋಡಿ ಕೈಹಾಕಿ. ಚುಂಚನಕಟ್ಟೆ ಜಾತ್ರೆಯ ಹಿಂದಿನ ದಿನ ಅಲ್ಲಿನ ವಸತಿಗೃಹದ ಸೈಟ್‌ಗೆ ಹೊಸ ಥೀಮ್ ಹಾಕುವುದು ಬೇಡ. ತಂಬಾಕು ಹರಾಜಿನ ತಿಂಗಳುಗಳಲ್ಲಿ ಬೆಳೆಗಾರರ ಸಂಘದ ಸೈಟ್ ಅಲುಗಾಡಿಸುವುದೂ ಬೇಡ.

6. ಕೇಳುವ ಮೊದಲು ತಪ್ಪಿತಸ್ಥ ಪ್ಲಗಿನ್ ಹಿಡಿಯಿರಿ

ಪುಟ ಬಿಳಿಚಿಕೊಂಡು ನಿಂತಿದೆ ಎನ್ನಿ. ಗಾಬರಿ ಬೇಡ. 2019ರ 5.2 ಆವೃತ್ತಿಯಿಂದ, ಪ್ಲಗಿನ್ ಕೈಕೊಟ್ಟಾಗ ಅಡ್ಮಿನ್ ಇಮೇಲ್‌ಗೆ ಒಳಹೋಗುವ ಕೊಂಡಿಯೊಂದನ್ನು ವರ್ಡ್‌ಪ್ರೆಸ್ಸೇ ಕಳಿಸುತ್ತದೆ. ಹಾಗಾಗಿ ಆ ಇಮೇಲ್ ಯಾರೂ ತೆರೆಯದ ವಿಳಾಸವಾಗಿರಬಾರದು. ಅದೂ ಕೆಲಸ ಮಾಡದಿದ್ದರೆ ಹೋಸ್ಟಿಂಗ್‌ನ ಫೈಲ್ ಮ್ಯಾನೇಜರ್‌ಗೆ ಹೋಗಿ ಅನುಮಾನವಿರುವ ಪ್ಲಗಿನ್‌ನ ಫೋಲ್ಡರ್ ಹೆಸರು ಬದಲಿಸಿ. ಅದು ತಾನೇ ನಿಂತುಹೋಗುತ್ತದೆ.

ಸೈಟ್ ನಡೆಯುತ್ತಿದ್ದು ಏನೋ ಎಡವಟ್ಟಾಗಿದ್ದರೆ ‘ಹೆಲ್ತ್ ಚೆಕ್ ಆ್ಯಂಡ್ ಟ್ರಬಲ್‌ಶೂಟಿಂಗ್’ ಪ್ಲಗಿನ್ ಹಾಕಿ. ಅದು ನಿಮ್ಮ ಕಣ್ಣಿಗೆ ಮಾತ್ರ ಎಲ್ಲ ಪ್ಲಗಿನ್ ಆಫ್ ಮಾಡಿ ತೋರಿಸುತ್ತದೆ, ಓದುಗರಿಗೆ ಸೈಟ್ ಎಂದಿನಂತೆಯೇ ಇರುತ್ತದೆ. ಒಂದೊಂದಾಗಿ ಆನ್ ಮಾಡುತ್ತ ಬಂದರೆ ಯಾವುದರ ಕಿತಾಪತಿ ಎಂದು ಗೊತ್ತಾಗುತ್ತದೆ.

7. ಉತ್ತರ ಬರುವಂತೆ ಪ್ರಶ್ನೆ ಕೇಳಿ

‘ನನ್ನ ಸೈಟ್ ಓಡ್ತಿಲ್ಲ, ಅರ್ಜೆಂಟ್, ಹೆಲ್ಪ್ ಮಾಡಿ’ ಎಂದರೆ ಯಾರೂ ತಿರುಗಿ ನೋಡುವುದಿಲ್ಲ. ಉತ್ತರ ಕೊಡುವವರು ಸಂಬಳವಿಲ್ಲದ ಸ್ವಯಂಸೇವಕರು. ಅವರಿಗೆ ಬೇಕಾದುದು ಇಷ್ಟು. ನೀವೇನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು, ಆಗಲೇ ಏನೇನು ಪ್ರಯತ್ನಿಸಿದಿರಿ. ಪರದೆಯಲ್ಲಿ ಬಂದ ದೋಷದ ಸಾಲನ್ನು ಒಂದಕ್ಷರ ಬಿಡದೆ ನಕಲಿಸಿ. ಡ್ಯಾಶ್‌ಬೋರ್ಡ್‌ನ ‘ಸೈಟ್ ಹೆಲ್ತ್’ನಲ್ಲಿ ಆವೃತ್ತಿಗಳ ವಿವರ ಒಟ್ಟಿಗೇ ಸಿಗುತ್ತದೆ, ಅದನ್ನೂ ಸೇರಿಸಿ. ಇಂಗ್ಲಿಷ್ ಸರಿಯಿಲ್ಲ ಎಂಬ ಸಂಕೋಚ ಬೇಡ. ಚಿಕ್ಕ ವಾಕ್ಯ ಸಾಕು, ಉತ್ತರಿಸುವವರಲ್ಲೂ ಹಲವರಿಗೆ ಇಂಗ್ಲಿಷ್ ಮನೆಮಾತಲ್ಲ.

ಪ್ಲಗಿನ್‌ನ ತೊಂದರೆಯನ್ನು ಆ ಪ್ಲಗಿನ್‌ನ ಬೆಂಬಲ ವಿಭಾಗದಲ್ಲೇ ಕೇಳಿ. ಹಣ ಕೊಟ್ಟು ಕೊಂಡದ್ದಾದರೆ ಮಾರಿದವರನ್ನು ಕೇಳಿ. ಪಾಸ್‌ವರ್ಡ್ ಯಾರಿಗೂ ಕೊಡಬೇಡಿ. ವರ್ಡ್‌ಪ್ರೆಸ್ ಬಳಗದ ನಿಯಮದ ಪ್ರಕಾರ ಸಹಾಯ ಮಾಡುವವರು ಲಾಗಿನ್ ಕೇಳುವಂತೆಯೇ ಇಲ್ಲ. ಪರಿಹಾರ ಸಿಕ್ಕ ಮೇಲೆ ಹೇಗೆ ಸರಿಯಾಯಿತೆಂದು ಅಲ್ಲೇ ಬರೆದು ಮುಗಿಸಿ.

8. ಕನ್ನಡಕ್ಕೆಂದೇ ಇರುವ ತೊಡಕು ಕಲಿತುಕೊಳ್ಳಿ

ಇಲ್ಲಿ ನಿಮಗೆ ಪೈಪೋಟಿ ಕಡಿಮೆ. ಮೊದಲ ತೊಡಕು ಹಳೆಯ ಪಠ್ಯ. ಶಾಲೆಯವರು ಕೊಡುವ ಕರಪತ್ರ, ಸಂಘದ ವಾರ್ಷಿಕ ವರದಿ ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪಾಗಿದ್ದರೆ, ವೆಬ್‌ಗೆ ಅಂಟಿಸಿದ ಕೂಡಲೇ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಸರಿಯಾಗಿವೆಯೇ ಎಂದು ಕಣ್ಣಿಟ್ಟು ಓದಿ, ಆಮೇಲೆ ಹಾಕಿ.

ಎರಡನೆಯದು ಪುಟದ ವಿಳಾಸ. ಶೀರ್ಷಿಕೆ ಕನ್ನಡದಲ್ಲಿದ್ದರೆ ವರ್ಡ್‌ಪ್ರೆಸ್ ವಿಳಾಸವನ್ನೂ ಕನ್ನಡದಲ್ಲೇ ಮಾಡುತ್ತದೆ. ಆದರೆ ಒಳಗೆ ಪ್ರತಿ ಕನ್ನಡ ಚಿಹ್ನೆ ಶೇಕಡಾ ಗುರುತುಗಳ 9 ಅಕ್ಷರಗಳಾಗಿ ಹಿಗ್ಗುತ್ತದೆ, ವಿಳಾಸಕ್ಕಿರುವ ಜಾಗ 200 ಅಕ್ಷರ. ‘ಚುಂಚನಕಟ್ಟೆ’ಯಲ್ಲಿ ಸ್ವರಚಿಹ್ನೆ, ಸೊನ್ನೆ, ಹಲಂತ ಸೇರಿ 10 ಚಿಹ್ನೆ, ಅಂದರೆ ಒಂದೇ ಪದಕ್ಕೆ 90 ಅಕ್ಷರ ಹೋಯಿತು. ಇಂಥ ಮೂರನೆಯ ಪದಕ್ಕೆ ವಿಳಾಸ ತುಂಡಾಗುತ್ತದೆ. ವಾಟ್ಸ್ಆ್ಯಪ್‌ಗೆ ಹಾಕಿದರೆ ಉದ್ದನೆಯ ಅಡ್ಡಾದಿಡ್ಡಿ ಸಾಲು. ಪ್ರಕಟಿಸುವ ಮುನ್ನ ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಬರೆದುಬಿಡಿ.

ಮೂರನೆಯದು ಹುಡುಕಾಟ. ಒಬ್ಬರು ಎಚ್.ಡಿ. ಕೋಟೆ ಎಂದು ಹುಡುಕಿದರೆ ಇನ್ನೊಬ್ಬರು ಹೆಚ್.ಡಿ. ಕೋಟೆ, ಮತ್ತೊಬ್ಬರು ಹೆಗ್ಗಡದೇವನಕೋಟೆ ಎನ್ನುತ್ತಾರೆ. ಕೆ.ಆರ್. ನಗರಕ್ಕೂ ಕೃಷ್ಣರಾಜನಗರಕ್ಕೂ ಇದೇ ಪಾಡು. ಬಳಕೆಯ ರೂಪಗಳೆಲ್ಲ ಪುಟದಲ್ಲಿ ಎಲ್ಲಾದರೂ ಬರಲಿ.

ಫಾಂಟ್‌ಗೆ ಖರ್ಚಿಲ್ಲ. ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ, ಅರವಿಂದ ವಿ.ಕೆ. ರೂಪಿಸಿದ ಗುಬ್ಬಿ ಮತ್ತು ನವಿಲು, ಎಲ್ಲವೂ ಮುಕ್ತ ಪರವಾನಗಿಯವು.

9. ಅನುವಾದದಿಂದ ಬಳಗ ಸೇರಿ

ಕೋಡ್ ಬರೆಯಲು ಬಾರದವರೂ ಮುಯ್ಯಿ ತೀರಿಸಬಹುದು. ವರ್ಡ್‌ಪ್ರೆಸ್‌ನಲ್ಲಿ ಖಾತೆ ತೆರೆದ ಯಾರೇ ಆದರೂ ಪ್ಲಗಿನ್‌ನ ಒಂದೊಂದು ಸಾಲಿಗೆ ಕನ್ನಡ ಸೂಚಿಸಬಹುದು, ಪರಿಶೀಲಕರು ಒಪ್ಪಿದರೆ ಅದು ಸೇರುತ್ತದೆ. ನೂರಕ್ಕೆ 90ರಷ್ಟು ಸಾಲು ಒಪ್ಪಿಗೆಯಾದರೆ ಆ ಪ್ಲಗಿನ್‌ನ ಕನ್ನಡ ಕಟ್ಟು ತಾನಾಗಿ ಸಿದ್ಧವಾಗಿ ಕನ್ನಡದಲ್ಲಿರುವ ಸೈಟ್‌ಗಳಿಗೆಲ್ಲ ತಲುಪುತ್ತದೆ. ನೀವು ದಿನವೂ ಬಳಸುವ ಒಂದು ಚಿಕ್ಕ ಪ್ಲಗಿನ್ ಆರಿಸಿಕೊಳ್ಳಿ. ನಿಘಂಟಿನ ಭಾರದ ಪದ ಬೇಡ. ‘ಲಾಗಿನ್’ ಎಂದರೆ ಊರಲ್ಲಿ ಎಲ್ಲರಿಗೂ ತಿಳಿಯುತ್ತದೆ.

ಮುಖ ನೋಡಿ ಮಾತಾಡುವ ಪರಿಚಯವೂ ಬೇಕು. ಬೆಂಗಳೂರು ಮೂಲದ ಫಾಸ್ ಯುನೈಟೆಡ್‌ನಂಥ ಸಂಸ್ಥೆಗಳು ಮುಕ್ತ ತಂತ್ರಾಂಶದವರ ಕೂಟ ನಡೆಸುತ್ತವೆ. ಅಲ್ಲಿ ಸಿಕ್ಕ ಒಬ್ಬರ ಪರಿಚಯ ಮುಂದೆ ಹತ್ತು ಕಡೆ ಕೆಲಸಕ್ಕೆ ಬರುತ್ತದೆ.

10. ತಂತ್ರಾಂಶ ಪುಕ್ಕಟೆ, ನಿಮ್ಮ ದುಡಿಮೆಯಲ್ಲ

‘ವರ್ಡ್‌ಪ್ರೆಸ್ ಫ್ರೀ ಅಲ್ವಾ, ಮತ್ಯಾಕೆ ದುಡ್ಡು?’ ಎಂದು ಕೇಳುವ ಗಿರಾಕಿ ಇದ್ದೇ ಇರುತ್ತಾರೆ. ಅದರ ಜಿಪಿಎಲ್ ಪರವಾನಗಿ ಸೇವೆಗೆ ಹಣ ಪಡೆಯುವುದನ್ನು ಎಲ್ಲೂ ತಡೆಯುವುದಿಲ್ಲ. ಕಟ್ಟಿದ್ದಕ್ಕೆ ಒಂದು ಮೊತ್ತ, ಬ್ಯಾಕಪ್ ಮತ್ತು ಅಪ್‌ಡೇಟ್ ನೋಡಿಕೊಳ್ಳಲು ವರ್ಷಕ್ಕೊಂದು ಮೊತ್ತ ಎಂದು ಮೊದಲೇ ಬರೆದುಕೊಡಿ. ಬಾಯಿಮಾತು ಬೇಡ.

ಡೊಮೈನ್ ಗಿರಾಕಿಯ ಹೆಸರಲ್ಲೇ ಇರಲಿ, ನಿಮ್ಮ ಹೆಸರಲ್ಲಲ್ಲ. ಅಡ್ಮಿನ್ ಲಾಗಿನ್, ಹೋಸ್ಟಿಂಗ್ ವಿವರ, ಹಾಕಿರುವ ಪ್ಲಗಿನ್‌ಗಳ ಪಟ್ಟಿ, ಒಂದೊಂದನ್ನೂ ಯಾಕೆ ಹಾಕಿದ್ದೀರಿ, ನವೀಕರಣದ ದಿನ ಯಾವುದು, ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಕೈಗಿಡಿ. ಗಿರಾಕಿಯನ್ನು ಕಟ್ಟಿಹಾಕಿ ಉಳಿಸಿಕೊಂಡವರ ಸುದ್ದಿ ತಾಲೂಕಿನಲ್ಲಿ ಬೇಗ ಹರಡುತ್ತದೆ. ಬಿಟ್ಟುಹೋಗುವ ದಾರಿ ತೋರಿಸಿಯೂ ಗಿರಾಕಿ ಮುಂದಿನ ವರ್ಷ ನಿಮ್ಮಲ್ಲಿಗೇ ಬಂದರೆ, ಪಕ್ಕದೂರಿನ ಕೆಲಸವನ್ನೂ ಅವರೇ ತಂದುಕೊಡುತ್ತಾರೆ.